ಅತಿಥಿ ಉಪನ್ಯಾಸಕರ ತರಬೇತಿ

ದಿನಾಲು ಗಾಂಧಿ ಚೌಕವನ್ನು ದಾಟಿ ಕಾಲೇಜಿಗೆ ನಡೆಯುವ ಅತಿಥಿ ಉಪನ್ಯಾಸಕರನ್ನು ವಾಚಕರು ಬಲ್ಲರು. ವಿಚಿತ್ರ ಅತಿಥಿಗಳಿವರು, ದುಡಿದು ಮನೆಯವರಿಗೇ ಉಣಬಡಿಸುವರು! 2020ನೆಯ ಮಾರ್ಚ ತಿಂಗಳಲ್ಲಿ ಕಾಲೇಜುಗಳು ಮುಚ್ಚಿ ಪಾಠವು ಮೊಬೈಲಿಗೆ ಬಂದಾಗ, ಹಾಗೆ ಕಲಿಸುವ ಬಗೆಯನ್ನು ಇವರಿಗೆ ತಿಳಿಸಿಕೊಟ್ಟವರಾರು? ಖಾಯಂ ಅಧ್ಯಾಪಕರಿಗೆ ಪುನಶ್ಚೇತನ ಶಿಬಿರವು ಬಡ್ತಿಯ ಮೆಟ್ಟಿಲು. ಅತಿಥಿಗೆ ಬಡ್ತಿಯೇ ಇಲ್ಲ, ಮೆಟ್ಟಿಲೇತಕ್ಕೆ?

2017ರಿಂದ 'ಸ್ವಯಂ' ಜಾಲವು ತೆರೆದಿದೆ, ಯಾರಾದರೂ ಕಲಿಯಬಹುದೆಂದು ಅಧಿಕಾರಿಗಳು ಅನ್ನಬಹುದು. ಅಹುದು, ಆದರೆ ಕಲಿತ ತಾಸುಗಳಿಗೆ ಗೌರವಧನ ಕೊಡುವವರಾರು? 2022ರಲ್ಲಿ ಸರಕಾರದವರು ಗೌರವಧನವನ್ನು ಹೆಚ್ಚಿಸಿ, ವಾರಕ್ಕೆ 15 ತಾಸುಗಳ ಕೆಲಸವನ್ನು ಗೊತ್ತುಪಡಿಸಿದರು. ಅವುಗಳಲ್ಲಿ ಒಂದು ತಾಸನ್ನು ತರಬೇತಿಗೆಂದು ಎಣಿಸಲಿ. ಆನ್‌ಲೈನ್ ಪಾಠದ ತರಬೇತಿಯ ಭಾರವನ್ನು ನಮ್ಮೂರ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯಕ್ಕೆ ಒಪ್ಪಿಸಬಹುದಲ್ಲವೆ?