ಕರುಳಿನ ತೇಪೆ

ಹರಿದ ಬಟ್ಟೆಗೆ ಬೇರೊಂದು ಬಟ್ಟೆಯ ತೇಪೆ ಹಾಕುವ ಉಪಾಯ ಪ್ರತಿ ಮನೆಯಲ್ಲಿಯೂ ಉಂಟು. ಶಸ್ತ್ರವೈದ್ಯರು ಇದನ್ನೇ ಶರೀರಕ್ಕೂ ಅನ್ವಯಿಸಿದ್ದಾರೆ. ಹುಟ್ಟಿನಿಂದಲೇ ಮೂತ್ರಕೋಶ ವಿಕಲವಾಗಿರುವ ಮಕ್ಕಳಿಗೆ, ಕ್ಷಯದಿಂದ ಅದು ಕುಗ್ಗಿಹೋದವರಿಗೆ, ಅವರದೇ ಕರುಳಿನ ತುಂಡೊಂದನ್ನು ರಕ್ತನಾಳ ಕಡಿಯದಂತೆ ಬಿಡಿಸಿ ಮೂತ್ರಕೋಶಕ್ಕೆ ಹೊಲಿಯುತ್ತಾರೆ. ಚೀಲ ಹಿಗ್ಗುತ್ತದೆ, ಮೂತ್ರಪಿಂಡಗಳು ಉಳಿಯುತ್ತವೆ.

ಈ ಮಾರ್ಗಕ್ಕೆ ಮೊದಲ ಹೆಜ್ಜೆಯಿಟ್ಟವನು ಲಂಡನ್ನಿನ ಜಾನ್ ಸೈಮನ್. ಮೂತ್ರನಾಳಗಳನ್ನು ಕರುಳಿನೆಡೆಗೆ ತಿರುಗಿಸಿದ ತನ್ನ ಪ್ರಯತ್ನವನ್ನು ಅವನು 1852ರಲ್ಲಿ ಪ್ರಕಟಿಸಿದನು. ಮುಂದೆ ಈ ಕ್ರಮ ಬಳಕೆಗೆ ಬಂದಿತು. ಆದರೆ ಮೂತ್ರನಾಳವನ್ನು ದೊಡ್ಡಕರುಳಿಗೆ ಕೂಡಿಸಿದ ಸ್ಥಳದಲ್ಲಿಯೇ ಕ್ಯಾನ್ಸರ್ ಹುಟ್ಟಿದ ವರದಿ 1929ರಲ್ಲಿ ಬಂದಾಗ ವೈದ್ಯರು ಎಚ್ಚೆತ್ತರು.

ಕಾರಣವೇನಿರಬಹುದು? ಸೊಪ್ಪು, ಬೀಟ್‌ರೂಟ್, ಮೂಲಂಗಿಗಳಲ್ಲಿ ನೈಟ್ರೇಟ್ ಎಂಬ ಲವಣವಿದೆ. ಅದು ಸ್ವತಃ ಸಾಧುವಾದುದು. ಬಹುಪಾಲು ಮೂತ್ರದೊಡನೆ ಹೊರಬೀಳುತ್ತದೆ. ಆದರೆ ಕರುಳಿನ ತೇಪೆಯುಳ್ಳ ಮೂತ್ರಕೋಶದಲ್ಲಿ ಲೋಳೆ ಒಸರುತ್ತದೆ, ಮಡಿಕೆಗಳಲ್ಲಿ ಮೂತ್ರ ತಂಗುತ್ತದೆ, ಬ್ಯಾಕ್ಟೀರಿಯಾಗಳು ನೆಲೆಯೂರುತ್ತವೆ. ಅವು ನೈಟ್ರೇಟನ್ನು ನೈಟ್ರೈಟಾಗಿ ಮಾರ್ಪಡಿಸುತ್ತವೆ. ನೈಟ್ರೈಟು ಮೂತ್ರದಲ್ಲಿರುವ ಅಮೈನುಗಳೊಡನೆ ಕೂಡಿದರೆ ನೈಟ್ರೋಸಮೈನ್ ಹುಟ್ಟುತ್ತದೆ. ಈ ಕುಲದ ಒಂದು ವಸ್ತುವನ್ನು ತಿನ್ನಿಸಿದರೆ ಇಲಿಗಳ ಯಕೃತ್ತಿನಲ್ಲಿ ಕ್ಯಾನ್ಸರ್ ಏಳುವುದೆಂದು ಮಗೀ ಮತ್ತು ಬಾರ್ನ್ಸ್ 1956ರಲ್ಲಿ ತೋರಿಸಿಕೊಟ್ಟರು.

ಹೀಗೆ ಕರುಳಿನ ತೇಪೆಯುಳ್ಳ ರೋಗಿಗಳ ಮೂತ್ರದಲ್ಲಿಯೂ, ವಿಶೇಷವಾಗಿ ಸೋಂಕು ಇದ್ದಾಗ, ಈ ವಸ್ತುಗಳು ಕಂಡುಬಂದಿವೆ. ಆದರೆ ಕಂಡುದೆಲ್ಲವೂ ಕಾರಣವಲ್ಲ. ಮಲಮೂತ್ರಗಳು ಒಂದೆಡೆ ಬೆರೆಯುವ ಹಳೆಯ ಕ್ರಮದಲ್ಲಿ ಅಪಾಯ ಸ್ಪಷ್ಟ. ಕೇವಲ ತೇಪೆ ಹಾಕಿದ ಮೂತ್ರಕೋಶದಲ್ಲಿ ಕ್ಯಾನ್ಸರ್ ವಿರಳ. ಅದಕ್ಕೆ ತೇಪೆ ಹೊಣೆಯೋ, ಮೂಲರೋಗ ಹೊಣೆಯೋ ಎಂಬ ವಾದ ವೈದ್ಯರಲ್ಲಿ ಇನ್ನೂ ಮುಗಿದಿಲ್ಲ.

ಈ ರೋಗದ ನಡಿಗೆ ಬಲು ನಿಧಾನ. ಹಲವೊಮ್ಮೆ ಇಪ್ಪತ್ತು ವರ್ಷಗಳಿಗೂ ಮೀರಿ ಕಾಯುತ್ತದೆ. ಎಂಟನೆಯ ವಯಸ್ಸಿನಲ್ಲಿ ಶಸ್ತ್ರಚಿಕಿತ್ಸೆಯಾದ ಬಾಲಕ ಅಷ್ಟರಲ್ಲಿ ಸಂಸಾರವಂದಿಗನಾಗಿರುತ್ತಾನೆ. ಆಸ್ಪತ್ರೆಗೆ ಕರೆದೊಯ್ದ ತಂದೆತಾಯಿಗಳು ಇಲ್ಲದಿರಬಹುದು. ಕಾಗದಪತ್ರಗಳು ಎಲ್ಲಿಯೋ ಕಳೆದುಹೋಗಿರಬಹುದು. ಮೂತ್ರದಲ್ಲಿ ರಕ್ತ ಕಂಡಾಗ “ಉಷ್ಣವಾಗಿರಬೇಕು” ಎಂದು ಜೀರಿಗೆ ನೀರು ಕುಡಿದು ಸುಮ್ಮನಾಗುವುದೇ ಇಲ್ಲಿ ನಿಜವಾದ ಅಪಾಯ.

ಆದುದರಿಂದ ಶಸ್ತ್ರಚಿಕಿತ್ಸೆಯ ದಾಖಲೆಗಳನ್ನು ಮನೆಯ ಪತ್ರಗಳಂತೆ ಜೋಪಾನವಾಗಿಡಬೇಕು. ಮಗು ದೊಡ್ಡದಾದ ಮೇಲೆ ನಡೆದುದನ್ನು ಅದಕ್ಕೆ ತಿಳಿಸಬೇಕು. ಸೋಂಕನ್ನು ಉಪೇಕ್ಷಿಸಬಾರದು, ತಂಬಾಕನ್ನು ಮುಟ್ಟಬಾರದು, ವೈದ್ಯರು ಹೇಳಿದ ಕಾಲಕ್ಕೆ ತಪ್ಪದೆ ಪರೀಕ್ಷೆಗೆ ಹೋಗಬೇಕು. ಸೊಪ್ಪು ತರಕಾರಿಗಳನ್ನು ಬಿಡಬೇಕಾದ ಕಾರಣವಿಲ್ಲ. ಚಿಕಿತ್ಸೆಗೆ ಹೆದರಬೇಕಾದುದೂ ಇಲ್ಲ. ಅದನ್ನು ಮರೆಯದಿದ್ದರೆ ಸಾಕು.