ಹಳೇ ಓಮ್ನಿ ಕಟಕಟ ಅಂದರೆ ರೋಡನ್ನಷ್ಟೇ ಬೈದರೆ ಸಾಕೇ?

ಮಾರುತಿ 800 ತಯಾರಿಕೆ ನಿಂತಿದ್ದು 2014ರಲ್ಲಿ. ಓಮ್ನಿ ನಿಂತಿದ್ದು 2019ರಲ್ಲಿ. ಆದರೆ ನಮ್ಮ ಹಳ್ಳಿಗಳಲ್ಲಿ ಇವು ನಿಂತಿಲ್ಲ. ಸಂತೆಗೆ, ಮದುವೆಗೆ, ನಡುರಾತ್ರಿ ಹೆರಿಗೆ ನೋವು ಬಂದರೆ ತಾಲ್ಲೂಕು ಆಸ್ಪತ್ರೆಗೆ, ಎಲ್ಲದಕ್ಕೂ ಇವೇ ಬೇಕು. ಇಂಥ ಗಾಡಿಗೆ ನಾವು ಹೊಸ ಸೀಟ್ ಕವರ್ ಹಾಕಿಸುತ್ತೇವೆ, ದೊಡ್ಡ ಸ್ಪೀಕರ್ ಕೂರಿಸುತ್ತೇವೆ, ಆಯುಧಪೂಜೆಗೆ ತೊಳೆದು ಕುಂಬಳಕಾಯಿ ಒಡೆಯುತ್ತೇವೆ. ಮುಂದಿನ ಚಕ್ರದ ಹಿಂದೆ ಬಗ್ಗಿ ನೋಡುವವರು ಮಾತ್ರ ಕಡಿಮೆ.

ಗಾಡಿ ಕಟಕಟ ಅಂದರೆ ನಮ್ಮ ಉತ್ತರ ಸಿದ್ಧವಾಗಿರುತ್ತದೆ: 'ರೋಡೇ ಸರಿಯಿಲ್ಲ ಬಿಡಿ.' ರೋಡು ಸರಿಯಿಲ್ಲ, ನಿಜ. ಹಂಪ್ ವಿಷಯವನ್ನೇ ನೋಡಿ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಲೆಕ್ಕದಲ್ಲಿ ಅದು 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ ಇರಬೇಕು. ನಮ್ಮೂರುಗಳಲ್ಲಿ ಒಂದು ಅಪಘಾತವಾದ ಮರುದಿನ ರಾತ್ರೋರಾತ್ರಿ ಹುಟ್ಟುವ ಹಂಪ್‌ಗಳು ಎಮ್ಮೆ ಮಲಗಿದ ಹಾಗೆ ಇರುತ್ತವೆ. ಇದನ್ನು ಪಂಚಾಯಿತಿಯಲ್ಲಿ ಕೇಳಲೇಬೇಕು. ಆದರೆ ರೋಡು ಕೆಟ್ಟಿದೆ ಅನ್ನುವುದೇ ಕೆಳಗಿನ ಸಾಮಾನು ಬೇಗ ಸವೆಯಲು ಕಾರಣ. ಅದನ್ನು ಬದಲಿಸದೇ ಇರಲು ಅದು ಕಾರಣವಾಗುವುದಿಲ್ಲ.

ಸವೆಯುವುದೆಲ್ಲ ಒಂದೇ ತರ ಅಲ್ಲ. ಶಾಕ್ ಅಬ್ಸಾರ್ಬರ್ ಹೋದರೆ ಗಾಡಿ ದೋಣಿಯ ಹಾಗೆ ಓಲಾಡುತ್ತದೆ, ಬ್ರೇಕ್ ಹಿಡಿದರೆ ಬೇಗ ನಿಲ್ಲುವುದಿಲ್ಲ. ರಬ್ಬರ್ ಬುಷ್ ಹೋದರೆ ಸದ್ದು ಬರುತ್ತದೆ, ಟೈರ್ ಒಂದೇ ಕಡೆ ಸವೆಯುತ್ತದೆ. ಲೋವರ್ ಆರ್ಮ್‌ನ ತುದಿಯ ಬಾಲ್ ಜಾಯಿಂಟ್ ಇದೆಯಲ್ಲ, ಭಯ ಪಡಬೇಕಾದ್ದು ಅದಕ್ಕೆ. ಅದು ಪೂರ್ತಿ ಸವೆದು ಕಳಚಿಕೊಂಡರೆ ಮುಂದಿನ ಚಕ್ರ ಒಳಕ್ಕೆ ಮಡಚಿಕೊಳ್ಳುತ್ತದೆ. ಆಮೇಲೆ ಸ್ಟೇರಿಂಗ್ ಯಾರ ಕೈಯಲ್ಲಿದ್ದರೂ ಅಷ್ಟೇ. ಮರುದಿನದ ಸುದ್ದಿಯಲ್ಲಿ 'ಚಾಲಕನ ನಿಯಂತ್ರಣ ತಪ್ಪಿ' ಎಂಬ ಸಾಲು ಬರುತ್ತದೆ. ಬಾಲ್ ಜಾಯಿಂಟ್ ಹೆಸರು ಬರುವುದಿಲ್ಲ.

ಪರೀಕ್ಷೆಗೆ ದೊಡ್ಡ ಗ್ಯಾರೇಜೇ ಬೇಕಿಲ್ಲ. ಗಾಡಿಯ ಒಂದು ಮೂಲೆಯನ್ನು ಜೋರಾಗಿ ಒತ್ತಿ ಬಿಡಿ. ಒಮ್ಮೆ ಮೇಲೆದ್ದು ನಿಂತರೆ ಸರಿ, ಕುಣಿಯುತ್ತಲೇ ಇದ್ದರೆ ಅಥವಾ ಶಾಕ್ ಅಬ್ಸಾರ್ಬರ್ ಮೈಮೇಲೆ ಎಣ್ಣೆ ಒಸರಿದ್ದರೆ ಅದರ ಆಯಸ್ಸು ಮುಗಿದಿದೆ. ಇನ್ನೊಂದು: ಮಟ್ಟಸ ನೆಲದಲ್ಲಿ ಗಾಡಿ ನಿಲ್ಲಿಸಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಮುಂದಿನ ಚಕ್ರ ಜಾಕ್‌ನಲ್ಲಿ ಎತ್ತಿ. ಮೇಲೊಂದು ಕೈ, ಕೆಳಗೊಂದು ಕೈ ಹಿಡಿದು ಅಲ್ಲಾಡಿಸಿ. ಆಟ ಇದ್ದರೆ ಬಾಲ್ ಜಾಯಿಂಟ್ ಅಥವಾ ಬೇರಿಂಗ್ ಕಡೆ ನೋಡಬೇಕು. ಎಡಬಲ ಹಿಡಿದಾಗ ಆಟ ಇದ್ದರೆ ಸ್ಟೇರಿಂಗ್ ಕಡೆಯ ಟೈ ರಾಡ್ ಎಂಡ್ ಮೇಲೆ ಅನುಮಾನ. ಜಾಕ್ ಮೇಲೆ ನಿಂತ ಗಾಡಿಯ ಅಡಿಗೆ ಮಾತ್ರ ತಲೆ ಹಾಕಬೇಡಿ.

ಬದಲಿಸುವಾಗ ನಮ್ಮ ಜನ ಸಾಮಾನ್ಯವಾಗಿ ಉಳಿತಾಯ ಮಾಡುವುದು ಎರಡು ಕಡೆ. ಒಂದು, ಎಡಗಡೆಯದು ಹೋಗಿದೆ ಅಂತ ಎಡಗಡೆಯದಷ್ಟೇ ಹಾಕಿಸುವುದು. ಒಂದು ಕಡೆ ಹೊಸದು, ಇನ್ನೊಂದು ಕಡೆ ಸತ್ತದ್ದು ಇದ್ದರೆ ಬ್ರೇಕ್ ಹಿಡಿದಾಗ, ತಿರುವಿನಲ್ಲಿ ಗಾಡಿ ಎರಡು ಕಡೆ ಎರಡು ತರ ನಡೆದುಕೊಳ್ಳುತ್ತದೆ. ಶಾಕ್ ಅಬ್ಸಾರ್ಬರ್ ಯಾವತ್ತೂ ಜೋಡಿಯಾಗಿಯೇ ಬದಲಾಗಬೇಕು. ಎರಡು, ಕೆಲಸ ಮುಗಿದ ಮೇಲೆ ಅಲೈನ್‌ಮೆಂಟ್ ಬಿಡುವುದು. ಅಲ್ಲಿ ಉಳಿಸಿದ ಹಣ ಟೈರ್ ಅಂಗಡಿಗೆ ಹೋಗುತ್ತದೆ.

ಮೆಕ್ಯಾನಿಕ್ ಅಣ್ಣಂದಿರಿಗೂ ಒಂದು ಮಾತು. ಲೋವರ್ ಆರ್ಮ್ ಬುಷ್‌ನ ಬೋಲ್ಟನ್ನು ಚಕ್ರ ಗಾಳಿಯಲ್ಲಿ ನೇತಾಡುತ್ತಿರುವಾಗಲೇ ಪೂರ್ತಿ ಬಿಗಿಯುವವರಿದ್ದಾರೆ. ಗಾಡಿ ಕೆಳಗಿಳಿದ ಕೂಡಲೇ ರಬ್ಬರ್ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ. 'ಕಂಪನಿ ಬುಷ್ಷೇ ಸರಿಯಿಲ್ಲ' ಅನ್ನುವ ಮಾತು ಅನೇಕ ಸಲ ಇಲ್ಲಿಂದಲೇ ಹುಟ್ಟುತ್ತದೆ. ಚಕ್ರದ ಮೇಲೆ ಗಾಡಿಯ ಭಾರ ಬಿದ್ದ ಮೇಲೆ ಕೊನೆಯ ಬಿಗಿತ ಕೊಡಬೇಕು. ಮುಂದಿನ ಸ್ಟ್ರಟ್‌ನ ಸ್ಪ್ರಿಂಗ್ ಬಿಚ್ಚುವಾಗ ಕಂಪ್ರೆಸರ್ ಬಳಸಲೇಬೇಕು. ಒತ್ತಿ ಕೂತ ಸ್ಪ್ರಿಂಗ್ ಸಿಡಿದರೆ ದವಡೆ ಉಳಿಯುವುದಿಲ್ಲ. ಮನೆಯಂಗಳದಲ್ಲಿ ಯೂಟ್ಯೂಬ್ ನೋಡಿಕೊಂಡು ಮಾಡುವ ಕೆಲಸವಂತೂ ಅದಲ್ಲವೇ ಅಲ್ಲ.

ಹದಿನೈದು ವರ್ಷ ತುಂಬಿದ ಸ್ವಂತ ಕಾರಿನ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು, ಅದಕ್ಕೂ ಮುಂಚೆ ಗಾಡಿ ಗಟ್ಟಿಯಾಗಿದೆಯೇ ಅಂತ ತಪಾಸಣೆ ಆಗಬೇಕು. ಐದು ವರ್ಷ ನಮ್ಮ ಮಣ್ಣು ರಸ್ತೆಯಲ್ಲಿ ಬಹಳ ದೀರ್ಘ ಕಾಲ. ವೈಟ್ ಬೋರ್ಡ್ ಓಮ್ನಿಯಲ್ಲಿ ದಿನವೂ ಶಾಲೆ ಮಕ್ಕಳನ್ನು ತುಂಬಿಕೊಂಡು ಹೋಗುವುದೇ ಕಾನೂನಿಗೆ ವಿರುದ್ಧ. ಆದರೂ ಬಸ್ಸಿಲ್ಲದ ಊರುಗಳಲ್ಲಿ ಅದು ನಡೆಯುತ್ತಿದೆ ಅನ್ನುವುದು ಎಲ್ಲರಿಗೂ ಗೊತ್ತು. ಮಕ್ಕಳನ್ನು ಹತ್ತಿಸುವ ಅಪ್ಪ ಅಮ್ಮಂದಿರು ತಿಂಗಳ ಬಾಡಿಗೆ ಕೇಳುವಾಗಲೇ ಇದನ್ನೂ ಕೇಳಲಿ: ಬಾಲ್ ಜಾಯಿಂಟ್ ಯಾವಾಗ ಹಾಕಿಸಿದ್ದು, ಬಿಲ್ ಇದೆಯಾ, ಬಿಚ್ಚಿದ ಹಳೇದು ಎಲ್ಲಿದೆ?