ಮಳೆ ಪುಸ್ತಕದ ಖಾಲಿ ಮನೆ ಸೊನ್ನೆಯಲ್ಲ

ನಮ್ಮ ಅನೇಕ ತೋಟಗಳಲ್ಲಿ ಹಿರಿಯರ ಕಾಲದಿಂದಲೂ ಮಳೆ ಲೆಕ್ಕದ ಪುಸ್ತಕ ನಡೆದುಬಂದಿದೆ. ಅದನ್ನು ಗೆದ್ದಲಿಗೆ ಬಿಡದೆ ಕಂಪ್ಯೂಟರಿಗೆ ಏರಿಸಬೇಕೆಂಬುದು ನನ್ನ ಅಭಿಪ್ರಾಯ. ಆರ್-ಇನ್‌ಸ್ಟಾಟ್ ಎಂಬ ಉಚಿತ ತಂತ್ರಾಂಶದಲ್ಲಿ ಹವಾಮಾನದ ಲೆಕ್ಕಕ್ಕೇ ಪ್ರತ್ಯೇಕ ವಿಭಾಗವಿದೆ. ಬಿಟ್ಟುಹೋದ ದಿನಾಂಕಗಳನ್ನು ಅದು ಸಾಲಿಗೆ ಸೇರಿಸುತ್ತದೆ, ಅನುಮಾನದ ಅಂಕಿಗಳನ್ನು ಎತ್ತಿ ತೋರಿಸುತ್ತದೆ, ಮಳೆ ಹಿಡಿದ ದಿನವನ್ನೂ ಒಣ ದಿನಗಳ ಸಾಲನ್ನೂ ವರ್ಷವಾರು ಕೊಡುತ್ತದೆ.

ಆದರೆ ನಾವು ತಪ್ಪು ಬರೆದರೆ ಯಂತ್ರವೂ ತಪ್ಪನ್ನೇ ಹೇಳುತ್ತದೆ. ಮಳೆ ಬಾರದ ದಿನ 0 ಎಂದು ಬರೆಯಿರಿ. ಅಳೆಯದ ದಿನದ ಮನೆಯನ್ನು ಖಾಲಿ ಬಿಡಿ. ನೆಂಟರ ಮದುವೆಗೆ ಹೋಗಿದ್ದಾಗ ಬಿದ್ದ ಹೂಮಳೆ ಸೊನ್ನೆಯಾಗಿ ಕೂತರೆ, ಆ ವರ್ಷ ಹೂಮಳೆಯೇ ಇಲ್ಲವೆಂದಾಯಿತು! ಮೂರು ದಿನದ ನೀರನ್ನು ಒಂದೇ ದಿನಕ್ಕೂ ಬರೆಯಬೇಡಿ. ಹಳೆಯ ಇಂಚುಗಳನ್ನು 25.4ರಿಂದ ಗುಣಿಸಿ, 85 ಸೆಂಟು ಎಂದರೆ 21.6 ಮಿ.ಮೀ.

ಇನ್ನು, ಸರಾಸರಿಯನ್ನಷ್ಟೇ ಕೇಳಿ ಸುಮ್ಮನಾಗಬೇಡಿ. ವರ್ಷದ ಸರಾಸರಿಗೆ ಕಾಫಿ ಹೂ ಅರಳುವುದಿಲ್ಲ. ಮಾರ್ಚ್ 15ರೊಳಗೆ ಒಂದೇ ದಿನ 25 ಮಿ.ಮೀ. ಬಿದ್ದದ್ದು ಎಷ್ಟು ವರ್ಷ? ಜೂನ್‌ನಿಂದ ಆಗಸ್ಟ್‌ವರೆಗೆ ಅಡಿಕೆಗೆ ಬೋರ್ಡೋ ಹೊಡೆಯಲು ಮೂರು ದಿನದ ಬಿಡುವು ಸಿಕ್ಕಿದ್ದು ಎಷ್ಟು ಸಲ? ಸ್ಪ್ರಿಂಕ್ಲರಿಗೆ ಡೀಸೆಲ್ ಸುರಿಯುವ, ಕೊಳೆಗೆ ಫಸಲು ಕಳೆದುಕೊಳ್ಳುವ ಸಣ್ಣ ಬೆಳೆಗಾರನಿಗೆ ಬೇಕಾದ್ದು ಈ ಉತ್ತರಗಳು.

ಇದಕ್ಕೆ ಮನೆಮನೆಗೂ ಕಂಪ್ಯೂಟರ್ ಬೇಕಿಲ್ಲ. ಸಂಘದ ಕಚೇರಿಯಲ್ಲಿ ಒಂದಿದ್ದರೆ ಸಾಕು. ಅಂಕಿ ತುಂಬಲು ಓದಿದ ಮಕ್ಕಳು ಕೈಜೋಡಿಸಲಿ. ಸದಸ್ಯ ಬಾಂಧವರು ಪುಸ್ತಕ ತರಲಿ, ಆಡಳಿತ ಮಂಡಳಿ ಮುಂದೆ ಬರಲಿ.